ಎತ್ತು ಮಾಡೋ ಮಣ್ಣು, ಗಿಡ ಹಚ್ಚೋ ಮಣ್ಣು

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಮನೆಮನೆಗೂ ಎರಿ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು, ಬರುತ್ತದೆ. ನೀರು ಹಾಕಿ ನಾದಿದರೆ ಬೆಣ್ಣೆಯಂತೆ ಆಗುತ್ತದೆ. ಕೋಡು ಎಳೆದರೆ ಕೋಡು, ಬಾಲ ಎಳೆದರೆ ಬಾಲ. ಹೇಗೆ ತಿದ್ದಿದರೆ ಹಾಗೆ ನಿಲ್ಲುತ್ತದೆ. ನಾಲ್ಕು ದಿನ ಬಿಟ್ಟು ನೋಡಿ, ಅದೇ ಎತ್ತು ಕಲ್ಲಾಗಿರುತ್ತದೆ. ಬೆನ್ನ ಮೇಲೆ ಒಂದೆರಡು ಬಿರುಕು ಬಿಟ್ಟಿರುತ್ತದೆ.

ಟೆರೇಸ್ ಮೇಲೆ ಮೊದಲ ಸಲ ಗಿಡ ಹಚ್ಚಿದಾಗ ನಾನು ಈ ಮಣ್ಣನ್ನೇ ಕುಂಡಕ್ಕೆ ತುಂಬಿದ್ದೆ. ನವಲಗುಂದ ಕಡೆಯ ಸಂಬಂಧಿಕರ ಹೊಲದಿಂದ ಆರು ಚೀಲ ತಂದಿದ್ದೆ. ಜೋಳ, ಕಡಲೆ, ಹತ್ತಿ ಅಷ್ಟು ಚೆನ್ನಾಗಿ ಬರುವ ಮಣ್ಣಿನಲ್ಲಿ ಒಂದು ಮಲ್ಲಿಗೆ ಬರುವುದಿಲ್ಲವೇ ಅಂತ ನನ್ನ ಲೆಕ್ಕ. ಆ ಮಳೆಗಾಲದಲ್ಲಿ ಎಂಟು ಗಿಡಗಳಲ್ಲಿ ಐದು ಸತ್ತವು. ಸಾಯುವ ಮುಂಚೆ ಎಲೆ ಬಾಡಿದ್ದವು, ಮಣ್ಣು ಮಾತ್ರ ಒದ್ದೆಯಾಗೇ ಇತ್ತು. ಬಾಡಿವೆ ಅಂತ ನಾನು ಮತ್ತೆ ಮತ್ತೆ ನೀರು ಹಾಕುತ್ತಿದ್ದೆ. ಊರಿಂದ ಬಂದ ನಮ್ಮ ಸೋದರತ್ತೆ ಒಂದು ಕುಂಡ ಮಗುಚಿ, ಬೇರು ಮೂಸಿ ನೋಡಿ, "ತಮ್ಮಾ, ಇದು ಎತ್ತು ಮಾಡೋ ಮಣ್ಣಪಾ. ಇದರಾಗ ಬೇರಿಗೆ ಉಸಿರಾಡಾಕ ಜಾಗಾ ಎಲ್ಲೈತಿ?" ಅಂದರು.

ಅವರ ಮಾತು ಅಕ್ಷರಶಃ ನಿಜ. ಬೇರು ನೀರು ಕುಡಿಯುತ್ತದೆ, ಹಾಗೇ ಉಸಿರೂ ಆಡುತ್ತದೆ. ಎಲೆ ಬಿಡುವ ಆಮ್ಲಜನಕವನ್ನು ಬೇರಿನವರೆಗೆ ಇಳಿಸಿಕೊಳ್ಳುವ ಅನುಕೂಲ ಭತ್ತದಂಥ ಕೆಲವೇ ಗಿಡಗಳಿಗೆ ಇದೆ. ಟೊಮೆಟೊ, ಮೆಣಸಿನಕಾಯಿ, ಗುಲಾಬಿಗೆ ಇಲ್ಲ. ಅವುಗಳ ಬೇರಿಗೆ ಮಣ್ಣಿನ ಕಣಗಳ ನಡುವೆ ಇರುವ ಗಾಳಿಯೇ ಗತಿ. ಆ ಸಂದಿನಲ್ಲೆಲ್ಲ ನೀರು ತುಂಬಿದರೆ ಆಮ್ಲಜನಕ ಗಾಳಿಯಲ್ಲಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಿಯುತ್ತದೆ. ಉಸಿರು ಕಟ್ಟಿದ ಬೇರಿಗೆ ನೀರು ಎಳೆಯುವ ಶಕ್ತಿಯೂ ಹೋಗುತ್ತದೆ. ಅದಕ್ಕೇ ಒದ್ದೆ ಮಣ್ಣಿನಲ್ಲಿ ನಿಂತ ಗಿಡ ಬಾಯಾರಿದಂತೆ ಬಾಡುವುದು. ಅತ್ತೆ ಮೂಸಿದ್ದು ಕೊಳೆತ ಬೇರಿನ ವಾಸನೆಯನ್ನು.

ಕುಂಡಕ್ಕೆ ಮಣ್ಣು ಮಾಡುವಾಗ ಎಲ್ಲರೂ ಮೊದಲು ಕೇಳುವುದು ಯಾವ ಗೊಬ್ಬರ ಹಾಕಬೇಕು ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಗೊಬ್ಬರ ಕಡಿಮೆ ಬಿದ್ದರೆ ಆಮೇಲೆ ಮೇಲಿಂದ ಹಾಕಬಹುದು. ಗಾಳಿ ಕಡಿಮೆ ಬಿದ್ದರೆ ಗಿಡ ಕಿತ್ತು, ಕುಂಡ ಬರಿದು ಮಾಡಿ, ಮೊದಲಿಂದ ಶುರು ಮಾಡಬೇಕು.

ಹೊಲದಲ್ಲಿ ಚಿನ್ನ, ಕುಂಡದಲ್ಲಿ ಇಟ್ಟಿಗೆ

ಎರಿ ಮಣ್ಣು ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ಅದರ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ನವಲಗುಂದ, ನರಗುಂದದ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುವುದನ್ನು ನೋಡಿರುತ್ತೀರಿ. ಮೇಲಿನ ಮಣ್ಣು ಆ ಬಿರುಕಿಗೆ ಉದುರಿ ಒಳಗೆ ಸೇರುತ್ತದೆ. ಹೊಲ ತನ್ನನ್ನು ತಾನೇ ಉತ್ತುಕೊಂಡಂತೆ ಅದು. ಮಳೆ ನಿಂತ ಮೇಲೂ ಆಳದಲ್ಲಿ ಹಸಿ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ ಬೆಳೆಸುವುದೂ ಇದೇ ಮಣ್ಣು. ಆದರೆ ಅಲ್ಲಿ ಕೆಳಗೆ ಇನ್ನೂ ಮಣ್ಣಿದೆ. ಮೇಲಿನ ನೀರನ್ನು ಕೆಳಗಿನದು ಎಳೆದುಕೊಳ್ಳುತ್ತಲೇ ಇರುತ್ತದೆ. ಕುಂಡದಲ್ಲಿ ಒಂದು ಗೇಣು ಕೆಳಗೆ ಹೋದರೆ ಪ್ಲಾಸ್ಟಿಕ್ ತಳ ಬಂತು. ನೀರನ್ನು ಎಳೆಯುವವರು ಯಾರೂ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಪಾತ್ರೆ ತೊಳೆಯುವ ಹೊಸ ಸ್ಪಂಜು ಒಂದು ತಗೊಳ್ಳಿ. ನೀರಲ್ಲಿ ಮುಳುಗಿಸಿ, ಹಿಂಡದೆ, ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದೇ ಸ್ಪಂಜನ್ನು ಎತ್ತಿ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ಎತ್ತರ ಮಾತ್ರ ಜಾಸ್ತಿ ಆಯಿತು. ಕುಂಡದಲ್ಲೂ ಹೀಗೇ. ತಳದಲ್ಲಿ ರಂಧ್ರ ಎಷ್ಟೇ ಇರಲಿ, ಅದರ ಮೇಲೆ ಒಂದಿಷ್ಟು ಎತ್ತರದ ಮಣ್ಣು ಯಾವಾಗಲೂ ನೀರು ತುಂಬಿಕೊಂಡೇ ಇರುತ್ತದೆ. ಆ ಪದರ ಎಷ್ಟು ದಪ್ಪ ಅನ್ನುವುದನ್ನು ಮಣ್ಣಿನ ಕಣ ಎಷ್ಟು ಸಣ್ಣ ಅನ್ನುವುದು ನಿರ್ಧರಿಸುತ್ತದೆ. ಕಣ ಸಣ್ಣದಾದಷ್ಟೂ ಪದರ ದಪ್ಪ. ಎರಿ ಮಣ್ಣಿನ ಕಣ ತೀರಾ ಸಣ್ಣ. ಹಾಗಾಗಿ ಪುಟ್ಟ ಕುಂಡ ಪೂರ್ತಿ ಕೆಸರೇ ಆಗಿಬಿಡುತ್ತದೆ.

ತಳಕ್ಕೆ ಕಡಿ (ಜಲ್ಲಿಕಲ್ಲು) ಅಥವಾ ಹೆಂಚಿನ ಚೂರು ಹಾಕಿದರೆ ನೀರು ಬೇಗ ಬಸಿಯುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದೂ ನಡೆಯುವುದಿಲ್ಲ. ಸಣ್ಣ ಸಂದಿನಲ್ಲಿ ಹಿಡಿದಿಟ್ಟ ನೀರು ದೊಡ್ಡ ಸಂದಿಗೆ ಸುಲಭವಾಗಿ ಜಿಗಿಯುವುದಿಲ್ಲ. ಕೆಸರಿನ ಪದರ ಕಡಿಯ ಮೇಲೆ ಹೋಗಿ ಕೂರುತ್ತದೆ, ಬೇರಿಗೆ ಇನ್ನಷ್ಟು ಹತ್ತಿರ. ರಂಧ್ರದಿಂದ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಅಥವಾ ಹಳೆ ಸೊಳ್ಳೆ ಜಾಲಿಯ ತುಂಡು ಇಟ್ಟರೆ ಸಾಕು.

ಉಸುಕು ಬೆರೆಸಿದರೆ?

ನನ್ನ ಎರಡನೇ ತಪ್ಪು ಇದು. ಎರಿ ಮಣ್ಣು ಗಟ್ಟಿ ತಾನೇ, ಸ್ವಲ್ಪ ಉಸುಕು ಸೇರಿಸಿದರೆ ಸಡಿಲ ಆಗುತ್ತದೆ ಅಂತ ಮೂರು ಬುಟ್ಟಿಗೆ ಒಂದು ಬುಟ್ಟಿ ಉಸುಕು ಹಾಕಿದೆ. ಒಣಗಿದ ಮೇಲೆ ಸಲಿಕೆಯೂ ಇಳಿಯಲಿಲ್ಲ.

ಕಾರಣ ಸರಳ. ಒಂದು ಡಬ್ಬಿ ಶೇಂಗಾ ಕಾಳಿಗೆ ಒಂದು ಡಬ್ಬಿ ಸಾಸಿವೆ ಬೆರೆಸಿ ನೋಡಿ. ಎರಡು ಡಬ್ಬಿ ಆಗುವುದಿಲ್ಲ, ಕಡಿಮೆಯೇ ಆಗುತ್ತದೆ. ಸಾಸಿವೆ ಹೋಗಿ ಶೇಂಗಾದ ಸಂದಿನಲ್ಲಿ ಕೂತಿತು. ಉಸುಕಿನ ಸಂದಿನಲ್ಲಿ ಜೇಡಿ ಕೂರುವುದೂ ಹೀಗೇ. ಗಾಳಿಯ ಜಾಗ ಹುಟ್ಟಬೇಕು ಅಂದರೆ ಮಿಶ್ರಣದಲ್ಲಿ ಉಸುಕೇ ಅರ್ಧಕ್ಕಿಂತ ಜಾಸ್ತಿ ಇರಬೇಕು. ಆಗ ಟೆರೇಸಿನ ಮೇಲೆ ಅಷ್ಟು ಭಾರ ಯಾರು ಹೊರಬೇಕು? ಒದ್ದೆ ಎರಿ ಮಣ್ಣೇ 15 ಲೀಟರ್ ಕುಂಡದಲ್ಲಿ 25 ಕೆಜಿ ಮುಟ್ಟುತ್ತದೆ. ಉಸುಕು ಸೇರಿದರೆ ಇನ್ನೂ ಭಾರ.

ನಮಗೆ ಬೇಕಾದದ್ದು ಹಗುರವಾದ, ಒರಟಾದ, ಬೇಗ ಕೊಳೆಯದ ವಸ್ತು. ಬೇರೆ ದೇಶದ ತೋಟದವರು ಇದಕ್ಕೆ ಪರ್ಲೈಟ್ ಹಾಕುತ್ತಾರೆ. ಅದು ಜ್ವಾಲಾಮುಖಿಯ ಗಾಜಿನಂಥ ಕಲ್ಲು. ಒಳಗೆ ಚೂರು ನೀರು ಸಿಕ್ಕಿಕೊಂಡಿರುತ್ತದೆ. ಜೋರಾಗಿ ಕಾಸಿದಾಗ ಆ ನೀರು ಆವಿಯಾಗಿ ಕಲ್ಲು ಬಿಳಿಯಾಗಿ ಉಬ್ಬುತ್ತದೆ. ಪಂಚಮಿ ಹಬ್ಬಕ್ಕೆ ಜೋಳದ ಅಳ್ಳು ಹುರಿಯುತ್ತೇವಲ್ಲ, ಅದೇ ರೀತಿ. ನರ್ಸರಿಗಳಲ್ಲಿ ಸಿಗುತ್ತದೆ, ಆದರೆ ದುಬಾರಿ. ನಮ್ಮ ಪಕ್ಕದ ಕಲಘಟಗಿ, ಹಾನಗಲ್ ಕಡೆ ಭತ್ತ ಬೆಳೆಯುತ್ತಾರೆ. ಸುಟ್ಟ ಭತ್ತದ ಹೊಟ್ಟು ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕೊಳ್ಳುವಾಗ ಬಣ್ಣ ನೋಡಿ. ಹೊಟ್ಟಿನ ಆಕಾರ ಹಾಗೇ ಉಳಿದು ಕಪ್ಪಗಿದ್ದರೆ ಅದು ಇದ್ದಿಲಾದ ಹೊಟ್ಟು, ತಗೊಳ್ಳಿ. ಬೆಳ್ಳಗೆ ಪುಡಿಪುಡಿಯಾಗಿದ್ದರೆ ಬರೀ ಬೂದಿ, ಬೇಡ. ಕಪ್ಪು ಹೊಟ್ಟನ್ನೂ ಒಮ್ಮೆ ನೀರಲ್ಲಿ ತೊಳೆದೇ ಬಳಸಿ.

ಮಣ್ಣಿನ ಪಾಲಿಗೆ ಎರಿ ಬದಲು ಮಸಾರಿ ಮಣ್ಣು ಒಳ್ಳೆಯದು. ಕೆಂಪು ಮಣ್ಣಿನ ಜೇಡಿ ಎರಿಯಂತೆ ಉಬ್ಬಿ ಕುಗ್ಗುವುದಿಲ್ಲ. ಧಾರವಾಡದ ಪಶ್ಚಿಮಕ್ಕೆ ಹೋದಂತೆ ಇದು ಸಿಗುತ್ತಾ ಹೋಗುತ್ತದೆ. ಮನೆ ಕಟ್ಟಲು ಪಾಯ ತೋಡಿದಲ್ಲಿ ಕೇಳಿದರೆ ಸುಮ್ನೆ ಕೊಡುವವರೂ ಇದ್ದಾರೆ. ಗದಗಿನವರಿಗೆ ಒಂದು ಮಾತು: ಕಪ್ಪತಗುಡ್ಡದ ಮಣ್ಣಿಗೆ ದಯವಿಟ್ಟು ಕೈ ಹಾಕಬೇಡಿ. 2019ರಿಂದ ಅದು ವನ್ಯಜೀವಿ ಧಾಮ. ಅಲ್ಲಿನ ಗಿಡಮೂಲಿಕೆಗಳಿಗೆ ಆ ಮಣ್ಣು ನಮ್ಮ ಗುಲಾಬಿಗಿಂತ ಹೆಚ್ಚು ಬೇಕು.

ಕೊಕೊಪಿಟ್ ಬಗ್ಗೆ ಸ್ವಲ್ಪ ಎಚ್ಚರ. ತೆಂಗಿನ ನಾರು ಬಿಡಿಸುವಾಗ ಉದುರುವ ಪುಡಿ ಅದು. ನೀರು ಹಿಡಿಯುತ್ತದೆ, ಜೊತೆಗೆ ಗಾಳಿಗೂ ಜಾಗ ಬಿಡುತ್ತದೆ. ಹಗುರವೂ ಹೌದು. ಆದರೆ ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಉಪ್ಪು ಇರುತ್ತವೆ. ಸಿಪ್ಪೆಯನ್ನು ಉಪ್ಪುನೀರಲ್ಲಿ ನೆನೆಹಾಕಿದ್ದರೆ ಇನ್ನೂ ಜಾಸ್ತಿ. ಇಟ್ಟಿಗೆಯಂತೆ ಒತ್ತಿ ಮಾರುವ ಕೊಕೊಪಿಟ್ ಅನ್ನು ಬಕೆಟಿನಲ್ಲಿ ನೆನೆಸಿ, ಹಳೆ ಗೋಣಿಚೀಲದಲ್ಲಿ ಕಟ್ಟಿ, ನೀರು ಕಂದು ಬಣ್ಣ ಬಿಡುವುದು ಕಡಿಮೆಯಾಗುವವರೆಗೆ ಎರಡು ಮೂರು ಸಲ ತೊಳೆದು ಹಿಂಡಿ. ಇದೊಂದು ಕೆಲಸ ಬಿಟ್ಟರೆ ಎಳೆ ಸಸಿಗಳ ಎಲೆಯಂಚು ಸುಡುತ್ತದೆ, ನಾವು ಬಿಸಿಲನ್ನು ಬೈಯುತ್ತೇವೆ.

ನಿಂಬೆಹಣ್ಣಿನ ಪರೀಕ್ಷೆ

ಮಣ್ಣಿನ ಪಾಕ ಹೇಳುವ ಎಷ್ಟೋ ಕಡೆ "ಒಂದು ಮುಷ್ಟಿ ಸುಣ್ಣ ಹಾಕಿ" ಅಂತ ಇರುತ್ತದೆ. ಆ ಪಾಕ ಹುಟ್ಟಿದ್ದು ಪೀಟ್ ಬಳಸುವ ದೇಶಗಳಲ್ಲಿ. ಪೀಟ್ ಎಂದರೆ ತಣ್ಣಗಿನ ಜೌಗಿನಲ್ಲಿ ಸಾವಿರಾರು ವರ್ಷ ಶೇಖರವಾದ ಪಾಚಿ. ಅದು ಬಹಳ ಹುಳಿ, ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 4. ಹುಳಿ ಮುರಿಯಲು ಸುಣ್ಣ ಬೇಕು. ನಮ್ಮದು ಉಲ್ಟಾ ಪರಿಸ್ಥಿತಿ. ಎರಿ ಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು, ಕೆಲವು ಕಡೆ ಅದಕ್ಕೂ ಮೇಲೆ. ಬಹಳಷ್ಟು ಗಿಡಗಳಿಗೆ ಇಷ್ಟ 6ರಿಂದ 7.

ಒಂದು ಚಮಚ ಒಣ ಮಣ್ಣನ್ನು ತಟ್ಟೆಯಲ್ಲಿಟ್ಟು ನಿಂಬೆಹಣ್ಣು ಹಿಂಡಿ. ಕಿವಿ ಹತ್ತಿರ ತನ್ನಿ. ಸುಯ್ ಅಂತ ನೊರೆ ಎದ್ದರೆ ಒಳಗೆ ಸುಣ್ಣ ಇದೆ ಎಂದರ್ಥ. ನಮ್ಮ ನವಲಗುಂದದ ಮಣ್ಣು ನೊರೆಯೆದ್ದಿತು, ನಡುವೆ ಬಿಳಿ ಹರಳುಗಳೂ ಕಂಡವು. ಧಾರವಾಡದ ಮಸಾರಿ ಸುಮ್ಮನಿತ್ತು.

ಸುಣ್ಣ ಜಾಸ್ತಿ ಇದ್ದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಕರಗಿ ಸಿಗುವುದಿಲ್ಲ. ದಾಸವಾಳ, ಗುಲಾಬಿಯ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದೇ ಲಕ್ಷಣ. ಇಂಥ ಮಣ್ಣಿಗೆ ಒಲೆಯ ಬೂದಿ, ಮೊಟ್ಟೆ ಚಿಪ್ಪಿನ ಪುಡಿ ಹಾಕಿದರೆ ಉಪಕಾರವಿಲ್ಲ. ಬೂದಿಯಂತೂ ಪಿಎಚ್ ಇನ್ನೂ ಏರಿಸುತ್ತದೆ. ಎಲುಬಿನ ಪುಡಿಯೂ ಕ್ಷಾರದ ಮಣ್ಣಿನಲ್ಲಿ ಕರಗದೆ ಹಾಗೇ ಕೂರುತ್ತದೆ. ಮಸಾರಿ, ಕೊಕೊಪಿಟ್, ಗೊಬ್ಬರದ ಮಿಶ್ರಣ ಮಾಡಿಕೊಂಡರೆ ಈ ತೊಂದರೆ ಹೆಚ್ಚುಕಡಿಮೆ ತಾನೇ ತಪ್ಪುತ್ತದೆ. ಆಮೇಲೆ ಉಳಿಯುವುದು ನೀರು. ಬೋರಿನ ಗಡಸು ನೀರನ್ನೇ ವರ್ಷವಿಡೀ ಹಾಕಿದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಪಿಎಚ್ ನಿಧಾನಕ್ಕೆ ಏರುತ್ತದೆ. ನಲ್ಲಿಯ ಮಲಪ್ರಭಾ ನೀರು ಅಥವಾ ಹಿಡಿದಿಟ್ಟ ಮಳೆನೀರು ಸಾಧ್ಯವಾದಾಗಲೆಲ್ಲ ಕೊಡಿ.

ಬೆರೆಸುವುದು

ನಾನು ಈಗ ಮಾಡುವ ಅಳತೆ ಹೇಳುತ್ತೇನೆ. ಎಲ್ಲವೂ ಬುಟ್ಟಿ ಲೆಕ್ಕ, ತೂಕದ ಲೆಕ್ಕ ಅಲ್ಲ. ಜರಡಿ ಹಿಡಿದ ಮಸಾರಿ ಮಣ್ಣು 3 ಬುಟ್ಟಿ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ 2, ಎರೆಹುಳು ಗೊಬ್ಬರ 1. ತೊಳೆದ ಕೊಕೊಪಿಟ್ 2. ಸುಟ್ಟ ಹೊಟ್ಟು 2. ಇಷ್ಟಕ್ಕೆ ಬೇವಿನ ಹಿಂಡಿ 1 ಕೆಜಿ, ಕುಸುಬೆ ಅಥವಾ ಶೇಂಗಾ ಹಿಂಡಿ ಅರ್ಧ ಕೆಜಿ. ಕೊನೆಗೆ ಒಂದೆರಡು ಬೊಗಸೆ ಪುಡಿ ಮಾಡಿದ ಎರಿ ಮಣ್ಣನ್ನೂ ಹಾಕುತ್ತೇನೆ. ಅದರ ಸಣ್ಣ ಕಣಗಳು ಪೋಷಕಾಂಶ ಹಿಡಿದಿಟ್ಟುಕೊಳ್ಳುವುದರಲ್ಲಿ ಬಹಳ ಗಟ್ಟಿ. ಅಷ್ಟು ಪ್ರಮಾಣದಲ್ಲಿ ಗಾಳಿಗೂ ಅಡ್ಡಿ ಬರುವುದಿಲ್ಲ.

ಹಿಂಡಿ ಯಾಕೆ ಅಂದರೆ, ತಿಪ್ಪೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5 ಅಷ್ಟೇ. ಬೇವಿನ ಹಿಂಡಿಯಲ್ಲಿ ಸುಮಾರು ಶೇ. 5, ಶೇಂಗಾ ಹಿಂಡಿಯಲ್ಲಿ ಸುಮಾರು ಶೇ. 7. ಗಾಣದವರ ಹತ್ತಿರ ಕುಸುಬೆ ಹಿಂಡಿ ಸಿಗುವ ಭಾಗ್ಯ ನಮ್ಮ ಕಡೆಯವರಿಗಿದೆ, ಬಿಡಬೇಡಿ. ಆದರೆ ಜಾಸ್ತಿ ಹಾಕಬೇಡಿ. ಹಿಂಡಿ ಕೊಳೆಯುವಾಗ ರಾಶಿ ಬಿಸಿಯಾಗುತ್ತದೆ, ಅಮೋನಿಯ ಏಳುತ್ತದೆ. ಎಳೆ ಬೇರು ತಾಳುವುದಿಲ್ಲ.

ಗೊಬ್ಬರ ಕಳಿತಿರಬೇಕು ಅನ್ನುವುದನ್ನು ಎಷ್ಟು ಸಲ ಹೇಳಿದರೂ ಸಾಲದು. ಒಣ ಎಲೆ, ಕಟ್ಟಿಗೆ ಪುಡಿ, ಹಸಿ ಶೇಂಗಾ ಸಿಪ್ಪೆ ಇವುಗಳಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಇವನ್ನು ಹಾಗೇ ಬೆರೆಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಮೈ ಬೆಳೆಸಿಕೊಳ್ಳಲು ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಒಂದೇ ತಾಟಿನಲ್ಲಿ ಗಿಡಕ್ಕಿಂತ ಅವು ಮೊದಲು ಉಣ್ಣುತ್ತವೆ. ಗೊಬ್ಬರ ಇಷ್ಟು ಹಾಕಿದರೂ ಗಿಡ ಹಳದಿ ಆಯಿತಲ್ಲ ಅಂತ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಹಸಿ ಸೆಗಣಿಯದ್ದು ಇನ್ನೊಂದು ತೊಂದರೆ, ಅದರಲ್ಲಿ ಗೊಣ್ಣೆ ಹುಳ ಸೇರುತ್ತದೆ. ಬೆರಳಿನಷ್ಟು ದಪ್ಪ, ಬಿಳಿ ಮೈ, ಕಂದು ತಲೆ, ಸುರುಳಿ ಸುತ್ತಿ ಮಲಗಿರುತ್ತದೆ. ಒಂದೇ ಹುಳ ಕುಂಡದ ಬೇರನ್ನೆಲ್ಲ ಕತ್ತರಿಸಬಲ್ಲದು. ಅದಕ್ಕೇ ತಿಪ್ಪೆ ಗೊಬ್ಬರವನ್ನು ಜರಡಿ ಹಿಡಿಯದೆ ನಾನು ಬಳಸುವುದೇ ಇಲ್ಲ. ಕಳಿತ ಗೊಬ್ಬರ ಕಪ್ಪಗೆ, ಪುಡಿಯಾಗಿ, ಮೊದಲ ಮಳೆಯ ವಾಸನೆ ಕೊಡುತ್ತದೆ. ಸೆಗಣಿ ವಾಸನೆ ಇದ್ದರೆ ಇನ್ನೂ ಕಾಯಬೇಕು.

ಎಲ್ಲ ಸೇರಿಸಿ, ನೀರು ಚಿಮುಕಿಸಿ, ಸಲಿಕೆಯಿಂದ ಮೂರು ಸಲ ಮಗುಚಿ. ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಸುಕಿ. ಉಂಡೆ ಕಟ್ಟಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ನೀರು ತೊಟ್ಟಿಕ್ಕಿದರೆ ಜಾಸ್ತಿ ಆಯಿತು. ಆಮೇಲೆ ನೆರಳಲ್ಲಿ ಗೋಣಿಚೀಲ ಹೊದಿಸಿ ಮೂರು ವಾರ ಬಿಡಿ. ವಾರಕ್ಕೊಮ್ಮೆ ಮಗುಚಿ. ಎರಡನೇ ದಿನ ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಆ ಬಿಸಿ ಪೂರ್ತಿ ಇಳಿಯುವವರೆಗೆ ಗಿಡ ಹಚ್ಚಬೇಡಿ.

ಗಾಳಿ ಎಷ್ಟಿದೆ ಅಂತ ಅಳೆಯುವ ಉಪಾಯವೂ ಇದೆ. 2 ಲೀಟರಿನ ಕೂಲ್‌ಡ್ರಿಂಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಹಾಕಿ ತಲೆಕೆಳಗು ಮಾಡಿ. ಬಾಯಿಯೊಳಗೆ ಒಂದು ತುಂಡು ಬಟ್ಟೆ ಇಡಿ. ಮಿಶ್ರಣವನ್ನು ಹಗುರವಾಗಿ ತಟ್ಟಿ ಸರಿಯಾಗಿ 1 ಲೀಟರ್ ತುಂಬಿ. ನಿಧಾನಕ್ಕೆ ನೀರು ಹಾಕುತ್ತಾ ಹೋಗಿ, ಮಣ್ಣಿನ ಮೇಲೆ ನೀರು ಕಾಣಿಸಿದಾಗ ನಿಲ್ಲಿಸಿ. ಅರ್ಧ ಗಂಟೆ ಬಿಡಿ, ಇಂಗಿದ್ದರೆ ಮತ್ತೆ ಹಾಕಿ. ಈಗ ಮುಚ್ಚಳ ತೆಗೆದು, ಸೋರಿದ ನೀರನ್ನೆಲ್ಲ ಹಿಡಿದು ಅಳೆಯಿರಿ. ಆ ನೀರು ಬಿಟ್ಟು ಹೋದ ಜಾಗಕ್ಕೇ ಗಾಳಿ ಬರುವುದು. 150 ರಿಂದ 250 ಮಿಲಿ ಬಂದರೆ ಚೆನ್ನಾಗಿದೆ. 100ಕ್ಕಿಂತ ಕಡಿಮೆ ಬಂದರೆ ಇನ್ನೊಂದು ಬುಟ್ಟಿ ಹೊಟ್ಟು ಬೆರೆಸಿ. ನನ್ನ ಈಗಿನ ಮಿಶ್ರಣದಲ್ಲಿ 180 ಬಂತು. ಬರೀ ಎರಿ ಮಣ್ಣು ತುಂಬಿ ನೋಡಿದಾಗ ಮುಚ್ಚಳ ತೆಗೆದರೂ ನಾಲ್ಕು ಹನಿ ಬಿದ್ದು ನಿಂತವು.

ಅಳತೆ ಎಲ್ಲರಿಗೂ ಒಂದೇ ಇರಬೇಕಿಲ್ಲ. ಧಾರವಾಡದಲ್ಲಿ ಮಳೆಗಾಲದ ಜಿಟಿಜಿಟಿ ವಾರಗಟ್ಟಲೆ ಬಿಡುವುದಿಲ್ಲ, ಇಲ್ಲಿ ಹೊಟ್ಟು ಜಾಸ್ತಿ ಬೇಕು. ಗದಗಿನಲ್ಲಿ ಮಳೆ ಕಡಿಮೆ, ಗಾಳಿ ಒಣ. ಅಲ್ಲಿ ಒಂದು ಬುಟ್ಟಿ ಹೊಟ್ಟು ತೆಗೆದು ಅಷ್ಟೇ ಕೊಕೊಪಿಟ್ ಸೇರಿಸಿ. ಬೀಜ ಮೊಳೆಸಲು ಹಿಂಡಿ ಬೇಡವೇ ಬೇಡ.

ಹಳೆ ಮಣ್ಣು ಚೆಲ್ಲಬೇಡಿ

ಒಂದು ಬೆಳೆ ಮುಗಿಯುವಷ್ಟರಲ್ಲಿ ಕುಂಡದ ಮಣ್ಣು ನಾಲ್ಕು ಬೆರಳು ಇಳಿದಿರುತ್ತದೆ. ಮಣ್ಣು ಎಲ್ಲೂ ಹೋಗಿಲ್ಲ, ಗೊಬ್ಬರ ಕೊಳೆತು ಗಾಳಿಯಲ್ಲಿ ಸೇರಿದೆ. ಅದರ ಜೊತೆ ಅದು ಹಿಡಿದಿಟ್ಟಿದ್ದ ಸಂದುಗಳೂ ಕುಸಿದಿವೆ. ಹಾಗಾಗಿ ಹಳೆ ಮಣ್ಣಿಗೆ ಬರೀ ಗೊಬ್ಬರ ಕೊಟ್ಟರೆ ಅರ್ಧ ಕೆಲಸ ಆದಂತೆ. ಮೂರು ಬುಟ್ಟಿ ಹಳೆ ಮಣ್ಣಿಗೆ ಒಂದು ಬುಟ್ಟಿ ಕಳಿತ ಗೊಬ್ಬರ, ಅರ್ಧ ಬುಟ್ಟಿ ಹೊಟ್ಟು, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ.

ಅದಕ್ಕೂ ಮುಂಚೆ ಹಳೆ ಬೇರು ನೋಡಿ. ಟೊಮೆಟೊ, ಬದನೆಯ ಬೇರಲ್ಲಿ ಮಣಿಮಣಿಯಾಗಿ ಗಂಟು ಕಂಡರೆ ಅದು ಬೇರಿಗೆ ಹತ್ತುವ ಜಂತುಹುಳದ (ನೆಮಟೋಡ್) ಕೆಲಸ. ಅಂಥ ಬೇರನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟುಬಿಡಿ. ಮಣ್ಣನ್ನು ಒದ್ದೆ ಮಾಡಿ, ಟೆರೇಸ್ ಮೇಲೆ ಒಂದು ಗೇಣಿಗಿಂತ ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಕಲ್ಲಿಡಿ. ಕಪ್ಪು ಹಾಳೆ ಬೇಡ, ಅದು ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ನಾಲ್ಕರಿಂದ ಆರು ವಾರ ಸಾಕು. ಒಳ್ಳೆಯ ಜೀವಿಗಳೂ ಒಂದಿಷ್ಟು ಸಾಯುತ್ತವೆ, ಆಮೇಲೆ ಹಾಕುವ ಎರೆಹುಳು ಗೊಬ್ಬರದಿಂದ ಮತ್ತೆ ಬರುತ್ತವೆ.

ಲೆಕ್ಕ ಹಾಕಿದರೆ, ಮಾರ್ಚ್ ಕೊನೆಗೆ ಹಳೆ ಮಣ್ಣು ಹಾಳೆಯ ಕೆಳಗೆ ಹೋಗಬೇಕು, ಮೇ ಮೊದಲ ವಾರದಲ್ಲಿ ಬೆರೆಸಬೇಕು. ರೋಹಿಣಿ ಮಳೆಗೆ ಸರಿಯಾಗಿ ರಾಶಿ ತಣ್ಣಗಾಗಿರುತ್ತದೆ. ತುಂಬುವ ಮುನ್ನ ನಾನು ಒಂದು ಪುಟ್ಟ ಡಬ್ಬಿಯಲ್ಲಿ ಈ ಮಣ್ಣು ಹಾಕಿ ಇಪ್ಪತ್ತು ಮೆಂತ್ಯ ಕಾಳು ಬಿತ್ತುತ್ತೇನೆ. ನಾಲ್ಕೈದು ದಿನಕ್ಕೆ ಹದಿನೇಳು ಹದಿನೆಂಟಾದರೂ ಎದ್ದು, ಬೇರು ಬೆಳ್ಳಗಿದ್ದರೆ ಕುಂಡ ತುಂಬಲು ಶುರು. ಬೇರಿನ ತುದಿ ಕಂದಾಗಿದ್ದರೆ ಹಿಂಡಿ ಇನ್ನೂ ಕಳಿತಿಲ್ಲ. ಗೋಣಿಚೀಲ ಮತ್ತೆ ಹೊದಿಸಿ ಇನ್ನೊಂದು ವಾರ ಬಿಡುತ್ತೇನೆ.